ಗೇಮಿನಲ್ಲಿ ಹೆಸರು ಬದಲಾಗದಿದ್ದರೆ, ಬದಲಾದ ಮೇಲೆ ನಾಯಿ ಗುರುತು ಹಿಡಿಯದಿದ್ದರೆ

ದಸರಾ ರಜೆಗೆ ಅಕ್ಕನ ಮಗ ಚಿತ್ರದುರ್ಗದಿಂದ ದಾವಣಗೆರೆಗೆ, ನಮ್ಮ ಮನೆಗೆ ಬಂದಿದ್ದ. ಬಂದ ಎರಡನೇ ದಿನ ಬೆಳಗ್ಗೆ ನಾನಿನ್ನೂ ಹಲ್ಲುಜ್ಜುತ್ತಿದ್ದೆ. ಲ್ಯಾಪ್‌ಟಾಪ್ ಹಿಡಿದುಕೊಂಡೇ ಬಚ್ಚಲ ಬಾಗಿಲಿಗೆ ಬಂದು ನಿಂತ.

"ಮಾಮ, ನನ್ ನಾಯಿ ನನ್ ಮಾತು ಕೇಳ್ತಿಲ್ಲ."

ನಾಯಿ ಅಂದರೆ ಮೈನ್‌ಕ್ರಾಫ್ಟ್ ಅನ್ನುವ ಗೇಮಿನಲ್ಲಿ ಅವನು ಮೂಳೆ ಹಾಕಿ ಹಾಕಿ ಪಳಗಿಸಿದ್ದ ತೋಳ. ಮೊನ್ನೆಯವರೆಗೆ ಕೂರು ಅಂದರೆ ಕೂರುತ್ತಿತ್ತು, ಏಳು ಅಂದರೆ ಹಿಂದೆ ಓಡಿ ಬರುತ್ತಿತ್ತು. ಈಗ ಸುಮ್ನೆ ನಿಂತಿದೆ. ಹಿಂದಿನ ರಾತ್ರಿ ಅವನು ಮಾಡಿದ್ದು ಒಂದೇ ಕೆಲಸ. ಗೇಮಿನಲ್ಲಿ ತನ್ನ ಹೆಸರು ಬದಲಾಯಿಸಿ 'ದುರ್ಗದ ಹುಲಿ' ಅಂತ ಇಂಗ್ಲಿಷ್ ಅಕ್ಷರದಲ್ಲಿ ಇಟ್ಟುಕೊಂಡಿದ್ದ.

ಆ ನಾಯಿಯ ಕಥೆಗೆ ಕೊನೆಯಲ್ಲಿ ಬರುತ್ತೇನೆ. ಅದು ಕಷ್ಟದ ದೋಷ. ಅದಕ್ಕಿಂತ ಮೊದಲು ಸುಲಭದವು ಬೇಕಾದಷ್ಟಿವೆ. ಕಂಪ್ಯೂಟರ್ ರಿಪೇರಿ ನನ್ನ ಕೆಲಸ. ಬೀದಿಯ ಹುಡುಗರು ಗೇಮಿನ ತೊಂದರೆಯನ್ನೂ ನನ್ನ ಹತ್ತಿರವೇ ತರುತ್ತಾರೆ. ಹೆಸರಿನ ವಿಷಯಕ್ಕೆ ಬಂದವರಲ್ಲಿ ಜಾಸ್ತಿ ಜನರ ಗೇಮ್ ಕೆಟ್ಟಿರಲಿಲ್ಲ. ಅವರು ಬೇರೆ ಯಾವುದೋ ಹೆಸರನ್ನು ಬದಲಾಯಿಸಿರುತ್ತಿದ್ದರು, ಅಥವಾ ಹೊಸ ಹೆಸರನ್ನು ಹಳೆಯ ಜಾಗದಲ್ಲಿ ಹುಡುಕುತ್ತಿದ್ದರು.

ಮೊದಲ ಪ್ರಶ್ನೆ: ಯಾವ ಹೆಸರು?

ಒಂದು ಗೇಮ್ ಅಕೌಂಟಿಗೆ ಸಾಮಾನ್ಯವಾಗಿ ಮೂರು ಗುರುತುಗಳು ಇರುತ್ತವೆ. ಒಂದು, ಲಾಗಿನ್ ಆಗುವಾಗ ಬರೆಯುವ ಹೆಸರು ಅಥವಾ ಇಮೇಲ್. ಎರಡು, ಬೇರೆ ಆಟಗಾರರಿಗೆ ತಲೆಯ ಮೇಲೆ ಕಾಣುವ ಹೆಸರು. ಮೂರು, ಯಾರಿಗೂ ಬೇಡದ ಆದರೆ ಸರ್ವರ್‌ಗೆ, ಅಂದರೆ ಗೇಮ್ ನಡೆಸುವ ಕಂಪ್ಯೂಟರಿಗೆ, ಮಾತ್ರ ಬೇಕಾದ ಒಂದು ಉದ್ದ ನಂಬರ್.

ಹುಡುಗರಿಗೆ ನಾನು ರೈಲ್ವೆ ಸ್ಟೇಷನ್ ಉದಾಹರಣೆ ಕೊಡುತ್ತೇನೆ. ಬೆಂಗಳೂರಿನ ದೊಡ್ಡ ಸ್ಟೇಷನ್ನಿಗೆ ಸಂಗೊಳ್ಳಿ ರಾಯಣ್ಣನ ಹೆಸರು ಬಂತು, ಬೋರ್ಡ್ ಬದಲಾಯಿತು. ಟಿಕೆಟ್ ಮೇಲೆ ಕೋಡ್ ಮಾತ್ರ ಈಗಲೂ ಎಸ್‌ಬಿಸಿ. ನಮ್ಮೂರಿನದು ಡಿವಿಜಿ. ಬೋರ್ಡ್ ಮೇಲೆ ಏನೇ ಬರೆದಿರಲಿ, ಗಾಡಿ ಬರುವುದು ಕೋಡ್ ನೋಡಿಕೊಂಡು. ಗೇಮಿನಲ್ಲೂ ನಿಮ್ಮ ಬಂದೂಕು, ಸ್ಕಿನ್, ರ‍್ಯಾಂಕ್ ಎಲ್ಲ ಅಂಟಿಕೊಂಡಿರುವುದು ಆ ನಂಬರಿಗೆ. ಕಾಣುವ ಹೆಸರು ಬರೀ ಬೋರ್ಡ್.

ಕಂಪ್ಯೂಟರ್ ಗೇಮ್ ಮಾರುವ ಸ್ಟೀಮ್‌ನಲ್ಲಿ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. ಪ್ರೊಫೈಲ್ ಹೆಸರನ್ನು ಎಷ್ಟು ಸಲ ಬೇಕಾದರೂ ದುಡ್ಡಿಲ್ಲದೆ ಬದಲಾಯಿಸಬಹುದು. ಲಾಗಿನ್ ಆಗುವ ಅಕೌಂಟ್ ಹೆಸರನ್ನು ಬದಲಾಯಿಸಲು ಆಗುವುದೇ ಇಲ್ಲ. ಏಳನೇ ಕ್ಲಾಸಿನಲ್ಲಿ ಯಾವುದೋ ಹುಚ್ಚು ಹೆಸರಿಟ್ಟು ಅಕೌಂಟ್ ತೆರೆದವನು ಇಂಜಿನಿಯರಿಂಗ್ ಮುಗಿಸಿದ ಮೇಲೂ ಅದನ್ನೇ ಬರೆದು ಲಾಗಿನ್ ಆಗಬೇಕು. ರೋಬ್ಲಾಕ್ಸ್‌ನಲ್ಲಿ ಎರಡೂ ಬದಲಾಗುತ್ತವೆ, ಆದರೆ ಬೇರೆ ಬೇರೆ ಬೆಲೆಗೆ. ಕಾಣುವ ಹೆಸರು ಏಳು ದಿನಕ್ಕೊಮ್ಮೆ ಪುಕ್ಕಟೆ. ಯೂಸರ್‌ನೇಮ್ ಬದಲಾಯಿಸಲು 1,000 ರೋಬಕ್ಸ್, ಅಂದರೆ ಆ ಗೇಮಿನ ದುಡ್ಡು. "ಅಣ್ಣ, ಹೆಸರು ಬದಲಾಯಿಸೋಕೆ ದುಡ್ಡು ಕೇಳ್ತಿದೆ" ಅಂತ ಬಂದ ಹುಡುಗಿಯೊಬ್ಬಳು ತಪ್ಪು ಪೆನ್ಸಿಲ್ ಗುರುತು ಒತ್ತಿದ್ದಳು, ಅಷ್ಟೇ. ಆ ಗುರುತಿನ ಪಕ್ಕ ಯಾವ ಹೆಸರು ಇದೆ ಅಂತ ಓದಿ ಅಂದೆ. ಅಲ್ಲಿಗೆ ಕೆಲಸ ಮುಗಿಯಿತು.

ಹಾಗಾಗಿ ಏನನ್ನೂ ಮುಟ್ಟುವ ಮೊದಲು ಒಂದು ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಪ್ರೊಫೈಲ್ ಪುಟದಲ್ಲಿ ಆ ಉದ್ದ ನಂಬರ್ ಕಾಣುವಂತೆ ಇರಲಿ. ಬಿಜಿಎಂಐ, ಫ್ರೀ ಫೈರ್ ಮ್ಯಾಕ್ಸ್‌ನಂಥ ಗೇಮ್‌ಗಳಲ್ಲಿ ಹೆಸರಿನ ಆಸುಪಾಸಿನಲ್ಲೇ ಐಡಿ ನಂಬರ್ ಇರುತ್ತದೆ. ಹೆಸರು ಬದಲಾಯಿಸಿದ ಮೇಲೂ ಅದೇ ನಂಬರ್ ಇದ್ದರೆ ನಿಮ್ಮ ಅಕೌಂಟ್ ಭದ್ರ. ನಂಬರೇ ಬೇರೆಯಾಗಿದ್ದರೆ ನೀವು ಬೇರೆ ಅಕೌಂಟಿನಲ್ಲಿ ಇದ್ದೀರಿ ಅಂತ ಅರ್ಥ. ಗೂಗಲ್‌ನಿಂದ ಲಾಗಿನ್ ಆಗುತ್ತಿದ್ದವರು ಒಂದು ದಿನ ಫೇಸ್‌ಬುಕ್ ಬಟನ್ ಒತ್ತಿ, ಲೆವೆಲ್ ಒಂದು ನೋಡಿ, ಹೆಸರು ಬದಲಾಯಿಸಿದ್ದಕ್ಕೇ ಎಲ್ಲ ಹೋಯಿತು ಅಂತ ಅಳುವುದನ್ನು ನೋಡಿದ್ದೇನೆ. ಔಟ್ ಆಗಿ ಸರಿಯಾದ ಬಟನ್ ಒತ್ತಿದರೆ ಎಲ್ಲ ಅಲ್ಲೇ ಇರುತ್ತದೆ.

ಬದಲಾಯಿಸುವ ಬಟನ್ನೇ ಇಲ್ಲ, ಅಥವಾ ಮಂಕಾಗಿದೆ

ಇದಕ್ಕೆ ಮುಖ್ಯ ಕಾರಣ ಕಾಯುವ ಅವಧಿ. ಒಂದೊಂದು ಗೇಮಿನದು ಒಂದೊಂದು ಲೆಕ್ಕ. ಮೈನ್‌ಕ್ರಾಫ್ಟ್‌ನ ಕಂಪ್ಯೂಟರ್ ಆವೃತ್ತಿಯಾದ ಜಾವಾದಲ್ಲಿ 30 ದಿನ. ಫೋರ್ಟ್‌ನೈಟ್ ಆಡುವ ಎಪಿಕ್ ಅಕೌಂಟಿನಲ್ಲಿ ಎರಡು ವಾರ. ವ್ಯಾಲರಂಟ್‌ಗೆ ಬೇಕಾದ ರಯಟ್ ಐಡಿಗೆ 90 ದಿನ. ಈ ಲೆಕ್ಕವನ್ನು ಕಂಪನಿಗಳು ಆಗಾಗ ಬದಲಾಯಿಸುತ್ತವೆ, ಆದ್ದರಿಂದ ಬಟನ್ ಕೆಳಗಿನ ಸಣ್ಣ ಅಕ್ಷರ ಓದುವುದು ಒಳ್ಳೆಯದು.

ಇನ್ನೊಂದು ಸಣ್ಣ ವಿಷಯ. "ಇವತ್ತೇ ತಾರೀಖು, ಆದ್ರೂ ಓಪನ್ ಆಗಿಲ್ಲ" ಅಂತ ರಾತ್ರಿ ಹನ್ನೆರಡೂವರೆಗೆ ಮೆಸೇಜ್ ಬರುತ್ತದೆ. ಅನೇಕ ಸರ್ವರ್‌ಗಳ ಗಡಿಯಾರ ಯುಟಿಸಿ ಅನ್ನುವ ವಿಶ್ವ ಸಮಯದಲ್ಲಿ ಓಡುತ್ತದೆ. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಅವರ ತಾರೀಖು ಬದಲಾಗುವುದು ನಮ್ಮ ಬೆಳಗಿನ 5:30ಕ್ಕೆ. ಮಲಗಿ ಎದ್ದು ನೋಡಿದರೆ ಸಾಕು.

ಕಾಯಲು ಆಗದ ಒಬ್ಬ ಹುಡುಗ ಫೋನಿನ ತಾರೀಖನ್ನೇ ಒಂದು ತಿಂಗಳು ಮುಂದೆ ಮಾಡಿಬಿಟ್ಟಿದ್ದ. ಅವಧಿ ಎಣಿಸುವುದು ಸರ್ವರ್, ಫೋನ್ ಅಲ್ಲ. ಹಾಗಾಗಿ ಅದರಿಂದ ಉಪಯೋಗವೇನೂ ಆಗಲಿಲ್ಲ. ಬದಲಿಗೆ ಗೇಮ್ ಲಾಗಿನ್ನೇ ಆಗುತ್ತಿಲ್ಲ, ಕೆಲವು ಬ್ರೌಸರ್ ಪುಟ ತೆರೆಯುತ್ತಿಲ್ಲ, ಹಲವು ಕಡೆ ನೆಟ್‌ವರ್ಕ್ ಎರರ್. ಸರ್ವರ್‌ಗಳು ತೋರಿಸುವ ಭದ್ರತಾ ಸರ್ಟಿಫಿಕೇಟ್‌ಗಳಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. ಫೋನಿನ ತಾರೀಖು ಅದರಾಚೆ ಹೋದರೆ ಫೋನ್ ಆ ಸರ್ವರನ್ನು ನಂಬುವುದಿಲ್ಲ. ಅವರಪ್ಪ ಸಿಮ್ ಕಂಪನಿಗೆ ಬೈಯುತ್ತಾ ಫೋನ್ ತಂದಿದ್ದರು. ತಾರೀಖನ್ನು ಆಟೋಮ್ಯಾಟಿಕ್‌ಗೆ ಹಾಕಿ ಕೊಟ್ಟೆ. ಹುಡುಗನ ಮುಖ ನೋಡಿ ಕಾರಣ ಮಾತ್ರ ಹೇಳಲಿಲ್ಲ.

ಬಟನ್ ಇಲ್ಲದಿರಲು ಎರಡನೇ ಕಾರಣ, ಹೆಸರು ಬೇರೆ ಕಡೆಯಿಂದ ಬರುತ್ತಿರುವುದು. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ನಲ್ಲಿ ಆಡುವಾಗ ಹಲವು ಗೇಮ್‌ಗಳು ಆ ಪೆಟ್ಟಿಗೆಯ ಅಕೌಂಟ್ ಹೆಸರನ್ನೇ ತೋರಿಸುತ್ತವೆ. ಗೇಮಿನೊಳಗೆ ಎಷ್ಟು ಹುಡುಕಿದರೂ ಬಟನ್ ಸಿಗುವುದಿಲ್ಲ, ಅಲ್ಲಿ ಹೋಗಿ ಬದಲಾಯಿಸಬೇಕು. ಎಪಿಕ್ ಅಕೌಂಟಿನಲ್ಲಿ ಇಮೇಲ್ ಖಚಿತಪಡಿಸದಿದ್ದರೂ ಕೆಲಸ ನಡೆಯುವುದಿಲ್ಲ. ಮೂರನೇ ಕಾರಣ, ಬದಲಾಯಿಸಲು ಒಂದು ವಸ್ತು ಬೇಕಾಗಿರುವುದು. ಬಿಜಿಎಂಐಯಲ್ಲಿ ರಿನೇಮ್ ಕಾರ್ಡ್ ಇರಬೇಕು. ಅದನ್ನು ಸೆಟ್ಟಿಂಗ್ಸ್‌ನಲ್ಲಿ ಹುಡುಕಬೇಡಿ, ಇನ್ವೆಂಟರಿಯಲ್ಲಿ ಕಾರ್ಡ್ ಮೇಲೆ ಒತ್ತಬೇಕು. ಫ್ರೀ ಫೈರ್ ಮ್ಯಾಕ್ಸ್‌ನಲ್ಲಿ ಕಾರ್ಡ್ ಇಲ್ಲದಿದ್ದರೆ ಡೈಮಂಡ್ ಕೇಳುತ್ತದೆ.

ಕಾರ್ಡ್ ಪುಕ್ಕಟೆ ಕೊಡುತ್ತೇವೆ, ಐಡಿ-ಪಾಸ್‌ವರ್ಡ್ ಹಾಕಿ ಅನ್ನುವ ಲಿಂಕ್‌ಗಳು ಬರುತ್ತಲೇ ಇರುತ್ತವೆ. ಅಲ್ಲಿ ಬದಲಾಗುವುದು ಅಕೌಂಟಿನ ಮಾಲೀಕರು ಮಾತ್ರ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.

"ಈ ಹೆಸರು ಸರಿಯಿಲ್ಲ" ಅನ್ನುತ್ತದೆ, ಯಾಕೆ ಅಂತ ಹೇಳುವುದಿಲ್ಲ

ನನಗೆ ತುಂಬಾ ಇಷ್ಟದ ದೋಷ ಇದು. ಕಣ್ಣಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಮೊದಲು ಕೊನೆಯ ಖಾಲಿ ಜಾಗ ನೋಡಿ. ಫೋನಿನ ಕೀಬೋರ್ಡ್ ಮೇಲೆ ಬರುವ ಸಲಹೆ ಪದವನ್ನು ಒತ್ತಿದರೆ ಅದು ಪದದ ಜೊತೆಗೆ ಒಂದು ಸ್ಪೇಸನ್ನೂ ಸೇರಿಸುತ್ತದೆ. ಹೆಸರಿನ ತುದಿಯಲ್ಲಿ ಅದು ಕಾಣುವುದಿಲ್ಲ. ಕರ್ಸರನ್ನು ಕೊನೆಗೆ ಒಯ್ದು ಒಮ್ಮೆ ಅಳಿಸಿ. ಅಕ್ಷರ ಹೋಗದೆ ಕರ್ಸರ್ ಮಾತ್ರ ಹಿಂದೆ ಸರಿದರೆ ಕಳ್ಳ ಸಿಕ್ಕ.

ಆಮೇಲೆ ಬೈಗುಳ ಹುಡುಕಿ ತಡೆಯುವ ಜರಡಿ. ನಮ್ಮ ಕಡೆ ರಕ್ಷಿತ್, ಹರ್ಷಿತಾ, ದೀಕ್ಷಿತ್ ಅನ್ನುವ ಹೆಸರುಗಳಿಗೆ ಬರವಿಲ್ಲ. ಇವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ನೋಡಿ. ಎಸ್, ಎಚ್, ಐ, ಟಿ ಸಾಲಾಗಿ ನಿಲ್ಲುತ್ತವೆ. ಇಂಗ್ಲಿಷಿನಲ್ಲಿ ಅದೊಂದು ಹೊಲಸು ಮಾತು. ಜರಡಿಗೆ ಅಜ್ಜಿ ಪ್ರೀತಿಯಿಂದ ಇಟ್ಟ ಹೆಸರು ಅಂತ ಗೊತ್ತಾಗುತ್ತದೆಯೇ? ಇದು ಹೊಸ ಸಮಸ್ಯೆಯೂ ಅಲ್ಲ. ಇಂಗ್ಲೆಂಡಿನಲ್ಲಿ ಸ್ಕನ್‌ಥಾರ್ಪ್ ಅನ್ನುವ ಊರಿದೆ. 1996ರಲ್ಲಿ ಎಒಎಲ್ ಅನ್ನುವ ಇಂಟರ್ನೆಟ್ ಕಂಪನಿಯ ಜರಡಿ ಆ ಊರಿನವರಿಗೆ ಅಕೌಂಟ್ ತೆರೆಯಲು ಬಿಟ್ಟಿರಲಿಲ್ಲ. ಊರಿನ ಹೆಸರಿನ ಹೊಟ್ಟೆಯೊಳಗೆ ಒಂದು ಕೆಟ್ಟ ಪದ ಇತ್ತು. ಈ ಬಗೆಯ ದೋಷಕ್ಕೆ ಈಗಲೂ ಆ ಊರಿನದೇ ಹೆಸರು.

ನಮ್ಮ ರಕ್ಷಿತ್‌ಗಳು ಮಾಡುವ ಮೊದಲ ಉಪಾಯ ಕೊನೆಗೆ ಇನ್ನೊಂದು ಎಚ್ ಸೇರಿಸುವುದು. ಅದರಿಂದ ಏನೂ ಆಗುವುದಿಲ್ಲ, ಆ ನಾಲ್ಕು ಅಕ್ಷರ ಒಳಗೆ ಹಾಗೇ ಇರುತ್ತವೆ. ಐ ಬದಲು ಎರಡು ಇ ಹಾಕಿ, ಅಥವಾ ಮಧ್ಯೆ ಅಂಡರ್‌ಸ್ಕೋರ್ ಹಾಕಿ ಒಡೆಯಿರಿ. ಜರಡಿಯೇ ಕಾರಣವೋ ಅಲ್ಲವೋ ತಿಳಿಯಲು ಹೆಸರನ್ನು ಅರ್ಧ ಮಾಡಿ ಒಂದೊಂದೇ ಅರ್ಧ ಬರೆದು ನೋಡಿ. ಯಾವ ಅರ್ಧಕ್ಕೆ ಕೆಂಪು ಗೆರೆ ಬರುತ್ತದೋ ಅದನ್ನು ಮತ್ತೆ ಅರ್ಧ ಮಾಡಿ. ಆದರೆ ಒಂದು ಎಚ್ಚರಿಕೆ. ಪರೀಕ್ಷೆ ಮಾಡುವ ಭರದಲ್ಲಿ ಕೊನೆಯ ಓಕೆ ಒತ್ತಬೇಡಿ. ಅರ್ಧ ಹೆಸರೇ ಪಾಸಾಗಿ ಬಿಟ್ಟರೆ ಮುಂದಿನ 30 ದಿನ ನೀವು ಬರೀ 'ರಕ್'.

ಇನ್ನು ಕನ್ನಡ ಲಿಪಿ. ಮೈನ್‌ಕ್ರಾಫ್ಟ್ ಜಾವಾದಲ್ಲಿ ಕನ್ನಡ ನಡೆಯುವುದೇ ಇಲ್ಲ. ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಮಾತ್ರ, 3ರಿಂದ 16ರವರೆಗೆ. ಕನ್ನಡ ಒಪ್ಪುವ ಗೇಮ್‌ಗಳಲ್ಲೂ ಉದ್ದದ ಲೆಕ್ಕ ತಲೆ ಕೆಡಿಸುತ್ತದೆ. 'ಬೆಣ್ಣೆದೋಸೆ' ಅಂತ ಹೆಸರಿಡಲು ಹೋದವನ ಕಥೆ ಕೇಳಿ. ನಮ್ಮ ಕಣ್ಣಿಗೆ ಅದು ನಾಲ್ಕೇ ಅಕ್ಷರ: ಬೆ, ಣ್ಣೆ, ದೋ, ಸೆ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ನಂಬರ್ ಕೊಡುವ ಯುನಿಕೋಡ್ ಪದ್ಧತಿ ಹಾಗೆ ಎಣಿಸುವುದಿಲ್ಲ. ಬ ಒಂದು, ಅದರ ಎ ಗುಣಿತ ಒಂದು, ಣ ಒಂದು, ವಿರಾಮದ ಗುರುತು ಒಂದು, ಇನ್ನೊಂದು ಣ, ಹೀಗೆ ಒಟ್ಟು ಹತ್ತು. ಆ ಗುರುತುಗಳನ್ನು ಉಳಿಸಿಡುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಪ್ರತಿಯೊಂದು ಗುರುತಿಗೂ ಮೂರು ಬೈಟ್ ಬೇಕು, ಅಂದರೆ 30 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್ ಸಾಕು. ಗೇಮ್ ಮಾಡಿದವರು 16 ಬೈಟ್ ಜಾಗ ಇಟ್ಟು 16 ಅಕ್ಷರ ಅಂತ ಬರೆದುಕೊಂಡಿದ್ದರೆ ನಮ್ಮ ದೋಸೆ ಅರ್ಧದಲ್ಲೇ ಕತ್ತರಿಸುತ್ತದೆ. ಐದು ಗುರುತಿಗೆ 15 ಬೈಟ್ ಆಗಿ 'ಬೆಣ್ಣ' ಉಳಿಯುತ್ತದೆ. ಹದಿನಾರನೆಯ ಬೈಟ್ ಮುಂದಿನ ಗುರುತಿನ ಮೂರರಲ್ಲೊಂದು ಚೂರು. ಅದನ್ನು ಓದಲಾಗದೆ ಪರದೆ ಮೇಲೆ ಪ್ರಶ್ನೆ ಚಿಹ್ನೆ ಇರುವ ಕರಿ ಚೌಕ ಬರುತ್ತದೆ. ಬೆಣ್ಣ ಅಂತ ಬಂದರೆ ಕಾರಣ ಇದೇ, ಫೋನ್ ಕೆಟ್ಟಿಲ್ಲ.

ಕಾಣದ ಗುರುತುಗಳೂ ಇವೆ. 'ಡಾನ್‌ಕಿಂಗ್' ಅಂತ ಬರೆಯುವಾಗ ನ್ ಮತ್ತು ಕಿ ಸೇರಿ ಒತ್ತಕ್ಷರ ಆಗಬಾರದು ಅಂತ ಕೀಬೋರ್ಡ್ ನಡುವೆ ಒಂದು ಅಗೋಚರ ಗುರುತು ಹಾಕುತ್ತದೆ. ಕನ್ನಡಕ್ಕೆ ಅದು ಬೇಕೇ ಬೇಕು. ಗೇಮಿಗೆ ಅದು ಕಳ್ಳತನದಂತೆ ಕಾಣುತ್ತದೆ. ಯಾಕೆಂದರೆ ಅಂಥದೇ ಕಾಣದ ಗುರುತು ಹಾಕಿ ಇನ್ನೊಬ್ಬರ ಹೆಸರನ್ನು ನಕಲು ಮಾಡುವವರು ಇದ್ದಾರೆ. ಬಿಜಿಎಂಐ ಹುಡುಗರು ಹೆಸರೇ ಇಲ್ಲದಂತೆ ಕಾಣಲು ಕೊರಿಯನ್ ಲಿಪಿಯ ಖಾಲಿ ಗುರುತನ್ನು ಅಂಟಿಸುವುದು ಗೊತ್ತೇ ಇದೆಯಲ್ಲ. ಆ ಕಾಟಕ್ಕೆ ಬೇಲಿ ಹಾಕಿದರೆ ಅದರಲ್ಲಿ ನಮ್ಮ ಡಾನ್ ಕೂಡ ಸಿಕ್ಕಿಬೀಳುತ್ತಾನೆ. ಒತ್ತಕ್ಷರ ಒಡೆಯಬೇಕಾಗದ ಹೆಸರು ಆರಿಸಿಕೊಳ್ಳುವುದೇ ಸದ್ಯದ ದಾರಿ. 'ದುರ್ಗದಹುಲಿ'ಯಲ್ಲಿ ಅಂಥ ಗುರುತು ಬೇಕಿಲ್ಲ.

ಅಲಂಕಾರದ ಇಂಗ್ಲಿಷ್ ಅಕ್ಷರಗಳಿಗೂ ಇದೇ ಗತಿ. ಸುರುಳಿ ಸುರುಳಿಯಾಗಿ ಕಾಣುವ ಆ ಅಕ್ಷರಗಳು ಫಾಂಟ್ ಅಲ್ಲ. ಗಣಿತದ ಬರವಣಿಗೆಗೆ ಅಂತ ಯುನಿಕೋಡ್‌ನಲ್ಲಿ ಇಟ್ಟಿರುವ ಬೇರೆಯೇ ಗುರುತುಗಳು. ಕೆಲವು ಗೇಮ್‌ಗಳು ಅವನ್ನು ಮಾಮೂಲಿ ಅಕ್ಷರಕ್ಕೆ ಇಳಿಸಿ ನೋಡುತ್ತವೆ, ಆಗ "ಈ ಹೆಸರು ಆಗಲೇ ಇದೆ" ಅನ್ನುತ್ತವೆ. ಒಪ್ಪಿಕೊಂಡರೂ ನಿಮ್ಮ ಗೆಳೆಯ ಆ ಹೆಸರನ್ನು ಟೈಪ್ ಮಾಡಿ ಹುಡುಕುವುದು ಹೇಗೆ?

ಬದಲಾಗಿದೆ ಅನ್ನುತ್ತದೆ, ಆದರೆ ಹಳೆಯದೇ ಕಾಣುತ್ತದೆ

ಊರಿನಲ್ಲಿ ಟಾಕೀಸ್ ಮುಚ್ಚಿ ಎಷ್ಟೋ ವರ್ಷ ಆಗಿರುತ್ತದೆ, ಆಟೋದವರು ಮಾತ್ರ ಆ ಸ್ಟಾಪಿಗೆ ಟಾಕೀಸಿನ ಹೆಸರನ್ನೇ ಹೇಳುತ್ತಾರೆ. ಕಂಪ್ಯೂಟರಿಗೂ ಈ ಚಾಳಿ ಇದೆ. ನೀವು ಲಾಗಿನ್ ಆದಾಗ ಸರ್ವರ್ ಒಂದು ಚೀಟಿ ಕೊಡುತ್ತದೆ. ಎಷ್ಟೋ ಗೇಮ್‌ಗಳಲ್ಲಿ ಆ ಚೀಟಿಯಲ್ಲಿ ಹೆಸರೂ ಬರೆದಿರುತ್ತದೆ. ಆಮೇಲೆ ಹೆಸರು ಬದಲಾಯಿಸಿದರೂ ಕೈಯಲ್ಲಿರುವುದು ಹಳೆ ಚೀಟಿ. ಗೇಮ್ ಮುಚ್ಚಿ ತೆರೆದರೆ ಸಾಲದು, ಪೂರ್ತಿ ಲಾಗ್ ಔಟ್ ಆಗಿ ಮತ್ತೆ ಲಾಗಿನ್ ಆಗಬೇಕು.

ದೋಷ ಎಲ್ಲಿದೆ ಅಂತ ತಿಳಿಯಲು ಸುಲಭ ದಾರಿ, ಇನ್ನೊಂದು ಫೋನ್. ಗೆಳೆಯನ ಫೋನಿನಲ್ಲಿ ನಿಮ್ಮ ಐಡಿ ನಂಬರ್ ಹಾಕಿ ಹುಡುಕಿ, ಹೆಸರಿನಿಂದ ಹುಡುಕಬೇಡಿ. ಅಲ್ಲಿ ಹೊಸ ಹೆಸರು ಬಂದರೆ ಸರ್ವರ್‌ನಲ್ಲಿ ಕೆಲಸ ಆಗಿದೆ, ತೊಂದರೆ ನಿಮ್ಮ ಫೋನಿನಲ್ಲಿ. ಅಲ್ಲೂ ಹಳೆಯದೇ ಇದ್ದರೆ ಬದಲಾವಣೆ ಸರ್ವರ್ ತಲುಪಿಲ್ಲ, ಅಥವಾ ಗೆಳೆಯನ ಫೋನೂ ಹಳೆಯದನ್ನು ಹಿಡಿದುಕೊಂಡಿದೆ. ಅವನೂ ಒಮ್ಮೆ ಔಟ್ ಆಗಿ ಬರಲಿ. ಹಳೆ ಮ್ಯಾಚ್‌ಗಳ ಪಟ್ಟಿಯಲ್ಲಿ ಹಳೆ ಹೆಸರು ಉಳಿದಿದ್ದರೆ ಅದನ್ನು ದೋಷ ಅಂತ ಎಣಿಸಬೇಡಿ. ಆಗ ಬರೆದದ್ದು ಆಗಿನ ಹೆಸರು.

ಹೆಸರಿನಿಂದ ಹುಡುಕಬೇಡಿ ಅಂದದ್ದಕ್ಕೆ ನಮ್ಮೂರೇ ಸಾಕ್ಷಿ. ದಾವಣಗೆರೆಯನ್ನು ಇಂಗ್ಲಿಷ್‌ನಲ್ಲಿ ಬರೆಯುವಾಗ ನಡುವೆ ಒಂದು 'ಎ' ಹಾಕುವವರೂ ಇದ್ದಾರೆ, ಬಿಡುವವರೂ ಇದ್ದಾರೆ. ರೈಲ್ವೆಯವರು ಬಿಡುತ್ತಾರೆ, ಮಹಾನಗರ ಪಾಲಿಕೆಯವರು ಹಾಕುತ್ತಾರೆ. ಊರಿನ ಹೆಸರು ಸೇರಿಸಿ ಐಡಿ ಮಾಡಿಕೊಂಡ ಇಬ್ಬರು ಗೆಳೆಯರು ಒಂದು ಇಡೀ ಸಂಜೆ ಒಬ್ಬರನ್ನೊಬ್ಬರು ಹುಡುಕಿದ್ದರು, ಒಂದೇ ಕಟ್ಟೆ ಮೇಲೆ ಮಂಡಕ್ಕಿ ಮೆಣಸಿನಕಾಯಿ ತಿನ್ನುತ್ತಾ.

ಹೆಸರು ಬದಲಾಯಿತು, ಸಾಮಾನೆಲ್ಲ ಹೋಯಿತು

ಈಗ ನಾಯಿಗೆ ಬರೋಣ.

ದೊಡ್ಡ ಗೇಮ್‌ಗಳಲ್ಲಿ ಹೀಗೆ ಆಗುವುದು ಅಪರೂಪ, ಆದರೆ ಇಲ್ಲವೇ ಇಲ್ಲ ಅನ್ನಲಾಗದು. ಪ್ಲೇಸ್ಟೇಷನ್‌ನಲ್ಲಿ ಆನ್‌ಲೈನ್ ಐಡಿ ಬದಲಾಯಿಸಲು ಬಿಟ್ಟದ್ದೇ 2019ರ ಏಪ್ರಿಲ್‌ನಲ್ಲಿ. ಅಷ್ಟು ತಡವಾಗಲು ಕಾರಣ ಇದೇ ಭಯ. 2018ರ ಏಪ್ರಿಲ್ 1ರ ನಂತರ ಬಂದ ಗೇಮ್‌ಗಳಿಗೆ ತೊಂದರೆ ಕಮ್ಮಿ. ಅದಕ್ಕಿಂತ ಹಳೆಯ ಕೆಲವು ಗೇಮ್‌ಗಳು ಹೆಸರನ್ನೇ ಗುರುತಾಗಿ ಇಟ್ಟುಕೊಂಡಿದ್ದವು, ಅಂಥವುಗಳಲ್ಲಿ ಆಡಿದ್ದು ಕಾಣೆಯಾಗಬಹುದು ಅಂತ ಕಂಪನಿಯೇ ಮೊದಲೇ ಎಚ್ಚರಿಸಿತು. ಹಳೆ ಐಡಿಗೆ ವಾಪಸ್ ಹೋಗಲು ದುಡ್ಡು ಕೇಳುವುದಿಲ್ಲ.

ನಮ್ಮ ಮನೆಯ ಕೇಸ್‌ನಲ್ಲಿ ಸರ್ವರ್ ನನ್ನದೇ. ಹಳೆ ಡೆಸ್ಕ್‌ಟಾಪ್ ಒಂದರಲ್ಲಿ ಮೈನ್‌ಕ್ರಾಫ್ಟ್ ಜಾವಾ ಸರ್ವರ್ ಹಾಕಿದ್ದೆ, ಮಗಳು ಮತ್ತು ಅಕ್ಕನ ಮಗ ಆಡಲು. ಮೊದಲು ಅನುಮಾನ ಬಂದದ್ದು ಕರೆಂಟ್ ಮೇಲೆ. ಹಿಂದಿನ ರಾತ್ರಿ ಒಮ್ಮೆ ಹೋಗಿ ಬಂದಿತ್ತು. ಫೈಲ್ ಕೆಟ್ಟಿರಬೇಕು ಅಂದುಕೊಂಡು ಡಿಸ್ಕ್ ಪರೀಕ್ಷೆಗೆ ಹಾಕಿ ಒಂದು ಗಂಟೆ ಕಳೆದೆ. ಡಿಸ್ಕ್ ಸರಿಯಾಗಿತ್ತು.

ಆಮೇಲೆ ಸುಮ್ನೆ ಕೂತು ಏನು ಹೋಗಿದೆ, ಏನು ಉಳಿದಿದೆ ಅಂತ ಇಬ್ಬರೂ ಬರೆದೆವು. ಅವನು ಕಟ್ಟಿದ ಮನೆ ಇದೆ. ಮನೆಯೊಳಗಿನ ಪೆಟ್ಟಿಗೆಗಳಲ್ಲಿ ಕಬ್ಬಿಣ, ಕಲ್ಲಿದ್ದಲು ಎಲ್ಲ ಇದೆ. ಹೆಗಲ ಮೇಲಿನ ಚೀಲ ಖಾಲಿ. ಆಟಗಾರನಿಗೆ ಮಾತ್ರ ಸೇರಿದ ಎಂಡರ್ ಪೆಟ್ಟಿಗೆ ಖಾಲಿ. ಲೆವೆಲ್ ಸೊನ್ನೆ. ಮಲಗಿದ್ದ ಹಾಸಿಗೆಯ ಹತ್ತಿರ ಹುಟ್ಟುವ ಬದಲು ಲೋಕದ ಮೊದಲ ಜಾಗದಲ್ಲಿ ಹುಟ್ಟಿದ್ದಾನೆ. ನಾಯಿ ಇದೆ, ಕೊರಳಪಟ್ಟಿ ಇದೆ, ಆದರೆ ಕೇಳುವುದಿಲ್ಲ. ಮಗಳದ್ದು ಏನೂ ಹೋಗಿಲ್ಲ.

ಪಟ್ಟಿ ನೋಡಿದ ಮೇಲೆ ದೋಷ ತಾನೇ ಮಾತಾಡಿತು. ನೆಲಕ್ಕೆ ಸೇರಿದ್ದು ಉಳಿದಿದೆ, ಅವನಿಗೆ ಸೇರಿದ್ದು ಹೋಗಿದೆ. ಅಂದರೆ ಲೋಕ ಕೆಟ್ಟಿಲ್ಲ. ಸರ್ವರ್‌ಗೆ ಇವನು ಹೊಸ ಮನುಷ್ಯ. ಖಚಿತ ಮಾಡಿಕೊಳ್ಳಲು ಲಾಗ್ ತೆರೆದೆ. ಯಾರೇ ಒಳಗೆ ಬಂದರೂ ಇಂಥ ಆಟಗಾರನ ಯುಯುಐಡಿ, ಅಂದರೆ ಆ ಉದ್ದ ನಂಬರ್, ಇಂಥದ್ದು ಅಂತ ಅದರಲ್ಲಿ ಒಂದು ಸಾಲು ಬೀಳುತ್ತದೆ. ಮೊನ್ನೆಯ ಸಾಲಿನಲ್ಲಿ ಒಂದು ನಂಬರ್, ಇವತ್ತಿನ ಸಾಲಿನಲ್ಲಿ ಇನ್ನೊಂದು.

ತಪ್ಪು ನನ್ನದೇ. ಮೈನ್‌ಕ್ರಾಫ್ಟ್‌ನಲ್ಲಿ 2015ರ ಫೆಬ್ರವರಿಯಿಂದ ಹೆಸರು ಬದಲಾಯಿಸಬಹುದು, ಹೆಸರು ಏನೇ ಆದರೂ ಅಕೌಂಟಿನ ಯುಯುಐಡಿ ಬದಲಾಗುವುದಿಲ್ಲ. ಆದರೆ ನೆಟ್ ಹೋದಾಗಲೂ ಮಕ್ಕಳು ಆಡಲಿ ಅಂತ ನಾನು ಸರ್ವರ್‌ನ ಆನ್‌ಲೈನ್-ಮೋಡ್ ಸಾಲನ್ನು ಫಾಲ್ಸ್ ಮಾಡಿದ್ದೆ. ಆಗ ಸರ್ವರ್ ಅಕೌಂಟನ್ನು ಕೇಳುವುದೇ ಇಲ್ಲ. ಬಂದವರ ಹೆಸರಿನ ಅಕ್ಷರಗಳನ್ನೇ ಎಂಡಿ5 ಅನ್ನುವ ಒಂದು ಲೆಕ್ಕಕ್ಕೆ ಹಾಕಿ ತಾನೇ ಒಂದು ನಂಬರ್ ಹುಟ್ಟಿಸುತ್ತದೆ. ಹೆಸರು ಬದಲಾದರೆ ನಂಬರೂ ಬದಲು. ಒಂದು ಅಕ್ಷರ ದೊಡ್ಡದಿದ್ದದ್ದು ಚಿಕ್ಕದಾದರೂ ಬೇರೆ ನಂಬರ್. ರೈಲ್ವೆ ಲೆಕ್ಕದಲ್ಲಿ ಹೇಳುವುದಾದರೆ, ಬೋರ್ಡ್ ಬದಲಾದ ಕೂಡಲೇ ಸ್ಟೇಷನ್ ಕೋಡ್ ಕೂಡ ಬದಲಾಗುವ ಹುಚ್ಚು ವ್ಯವಸ್ಥೆಯನ್ನು ನಾನೇ ಮಾಡಿಟ್ಟಿದ್ದೆ.

ಸುಲಭ ದಾರಿ ಒಂದಿತ್ತು. ಹಳೆ ಹೆಸರಿನಲ್ಲಿ ಬಂದು, ಚೀಲದ್ದನ್ನೆಲ್ಲ ಮಾಮೂಲಿ ಪೆಟ್ಟಿಗೆಗೆ ಹಾಕಿ, ಹೊಸ ಹೆಸರಿನಲ್ಲಿ ಬಂದು ತೆಗೆದುಕೊಳ್ಳುವುದು. ಹೆಸರು ಬದಲಾಯಿಸುವ ಮೊದಲೇ ಸಾಮಾನನ್ನು ಪೆಟ್ಟಿಗೆಗೆ ಹಾಕಿದ್ದರೆ ಇನ್ನೂ ಸುಲಭ. ಈಗ 30 ದಿನದವರೆಗೆ ಹಳೆ ಹೆಸರಿಗೆ ಮರಳುವಂತಿಲ್ಲ. ಹಳೆ ಹೆಸರನ್ನು 37 ದಿನ ಬೇರೆ ಯಾರಿಗೂ ಕೊಡುವುದಿಲ್ಲ ಅನ್ನುವುದೊಂದೇ ಸಮಾಧಾನ. 30 ದಿನ ಕಳೆದ ಮೇಲೆ ಮನಸ್ಸು ಬದಲಿಸಲು ಏಳು ದಿನ ಸಿಗುತ್ತದೆ. ಅಲ್ಲಿಯವರೆಗೆ ಕಾಯಲು ರಜೆ ಇರಲಿಲ್ಲ, ಹುಡುಗನಿಗೆ ತಾಳ್ಮೆಯೂ ಇರಲಿಲ್ಲ.

ಮಾಡಿದ್ದು ಇಷ್ಟು. ಸರ್ವರನ್ನು ಸ್ಟಾಪ್ ಕಮಾಂಡ್ ಕೊಟ್ಟು ನಿಲ್ಲಿಸಿದೆ. ಪರದೆ ಮೇಲಿನ ಅದರ ಕಿಟಕಿ ಮುಚ್ಚಿ ನಿಲ್ಲಿಸಬಾರದು. ವರ್ಲ್ಡ್ ಫೋಲ್ಡರನ್ನು ಪೂರ್ತಿ ಪೆನ್‌ಡ್ರೈವ್‌ಗೆ ನಕಲು ಮಾಡಿದೆ. ಆನ್‌ಲೈನ್-ಮೋಡನ್ನು ಟ್ರೂ ಮಾಡಿ, ಅವನನ್ನು ಒಮ್ಮೆ ಒಳಗೆ ಬರಲು ಹೇಳಿ, ಲಾಗ್‌ನಿಂದ ಅಕೌಂಟಿನ ನಿಜವಾದ ಯುಯುಐಡಿ ಬರೆದುಕೊಂಡೆ. ಮತ್ತೆ ಸರ್ವರ್ ನಿಲ್ಲಿಸಿದೆ. ಓಡುತ್ತಿರುವಾಗ ಫೈಲ್ ಮುಟ್ಟಿದರೆ ಆಟಗಾರ ಹೊರಗೆ ಹೋಗುವಾಗ ಸರ್ವರ್ ಅದರ ಮೇಲೆ ಬರೆದುಬಿಡುತ್ತದೆ. ನಮ್ಮ ಸರ್ವರ್‌ನ ಆವೃತ್ತಿಯಲ್ಲಿ ಪ್ಲೇಯರ್‌ಡೇಟಾ ಅನ್ನುವ ಫೋಲ್ಡರ್ ಇದೆ. ಪ್ರತಿ ಆಟಗಾರನಿಗೆ ಅವನ ಯುಯುಐಡಿಯೇ ಹೆಸರಾದ ಒಂದು ಫೈಲ್. ಹೊಸದಾಗಿ ಹುಟ್ಟಿದ ಖಾಲಿ ಫೈಲನ್ನು ಪಕ್ಕಕ್ಕಿಟ್ಟೆ. ಮೊನ್ನೆಯ ನಂಬರಿನ ಫೈಲಿಗೆ ಹೊಸ ನಂಬರಿನ ಹೆಸರು ಕೊಟ್ಟೆ. ಸ್ಟ್ಯಾಟ್ಸ್, ಅಡ್ವಾನ್ಸ್‌ಮೆಂಟ್ಸ್ ಫೋಲ್ಡರ್‌ಗಳಲ್ಲೂ ಅದನ್ನೇ ಮಾಡಿದೆ. ನಂಬರಿನ ನಡುವಿನ ನಾಲ್ಕು ಅಡ್ಡಗೆರೆಗಳೂ ಸೇರಿ 36 ಗುರುತು ಇರಬೇಕು. ಕೈಯಲ್ಲಿ ಟೈಪ್ ಮಾಡಬೇಡಿ, ನಕಲು ಮಾಡಿ ಅಂಟಿಸಿ.

ಚೀಲ ವಾಪಸ್ ಬಂತು. ಲೆವೆಲ್ ಬಂತು. ಹುಡುಗ ಕುಣಿದ. ಐದೇ ನಿಮಿಷಕ್ಕೆ ಒಳಗಿನ ಕೋಣೆಯಿಂದ ಮಗಳ ಕೂಗು: "ಅಪ್ಪಾ, ನಂದೆಲ್ಲಾ ಎಲ್ಲಿ?" ಮೋಡ್ ಬದಲಾಯಿಸಿದರೆ ನಂಬರ್ ಬದಲಾಗುವುದು ಅವನೊಬ್ಬನದಲ್ಲ, ಎಲ್ಲರದು. ಅವಳ ಫೈಲಿಗೂ ಅದೇ ಕೆಲಸ ಮಾಡುವುದನ್ನು ಮರೆತಿದ್ದೆ. ಮನೆಯಲ್ಲಿ ಹತ್ತು ಜನ ಆಡುವ ಸರ್ವರ್ ಇದ್ದರೆ ಹತ್ತೂ ಜನರ ಹಳೆ-ಹೊಸ ನಂಬರ್ ಮೊದಲೇ ಬರೆದಿಟ್ಟುಕೊಳ್ಳಿ. ಯಾರು ಒಳಗೆ ಬರಬಹುದು ಅನ್ನುವ ವೈಟ್‌ಲಿಸ್ಟ್, ಯಾರು ಕಮಾಂಡ್ ಕೊಡಬಹುದು ಅನ್ನುವ ಆಪರೇಟರ್ ಪಟ್ಟಿಯೂ ನಂಬರ್ ಮೇಲೆಯೇ ನಡೆಯುತ್ತವೆ, ಅವನ್ನೂ ಮತ್ತೆ ಸೇರಿಸಬೇಕು.

ನಾಯಿ ಮಾತ್ರ ಇನ್ನೂ ಕೇಳಲಿಲ್ಲ.

ಅದಕ್ಕೆ ಕಾರಣ ಹೊಳೆಯಲು ಇನ್ನರ್ಧ ಗಂಟೆ ಹಿಡಿಯಿತು. ಮಾಲೀಕ ಯಾರು ಅಂತ ಬರೆದಿರುವುದು ಆಟಗಾರನ ಫೈಲಿನಲ್ಲಿ ಅಲ್ಲ, ನಾಯಿಯೊಳಗೆ. ಓನರ್ ಅನ್ನುವ ಜಾಗದಲ್ಲಿ ಹಳೆ ನಂಬರ್ ಹಾಗೇ ಕೂತಿದೆ. ಪಾಪ, ಅದು ನಿಯತ್ತಾಗಿಯೇ ಇತ್ತು, ಇಲ್ಲದ ಮನುಷ್ಯನಿಗೆ. ಹುಡುಗನನ್ನು ನಾಯಿಯ ಪಕ್ಕದಲ್ಲಿ ನಿಲ್ಲಿಸಿ, ಅವನಿಗೆ ಆಪರೇಟರ್ ಅಧಿಕಾರ ಕೊಟ್ಟು, ಡೇಟಾ ಮಾಡಿಫೈ ಕಮಾಂಡ್‌ನಿಂದ ಹತ್ತಿರದ ತೋಳದ ಓನರ್ ಜಾಗಕ್ಕೆ ಅವನ ಈಗಿನ ಯುಯುಐಡಿ ತುಂಬಿಸಿದೆವು. ರೈಟ್ ಕ್ಲಿಕ್ ಮಾಡಿದ. ಕೂತಿತು. ಮತ್ತೆ ಮಾಡಿದ. ಎದ್ದು ಹಿಂದೆ ಬಂತು.

ಮನೆಯೊಳಗೆ ಇನ್ನೂ ಎರಡು ಬೆಕ್ಕುಗಳಿದ್ದವು. ಅವಕ್ಕೂ ಅದೇ ಕಮಾಂಡ್, ತೋಳದ ಬದಲು ಬೆಕ್ಕು ಅಂತ ಬರೆದು.